ಅಜ್ಜ ಲಿಫ್ಟ್ ಹತ್ತುವುದಿಲ್ಲ

ಬಟ್ಟೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಮನುಷ್ಯನನ್ನೂ ಅಷ್ಟೆ. ನನ್ನ ತಮ್ಮನನ್ನು ಬೆಳಕಿಗೆ ಹಿಡಿದರೆ ಕಾಣುವುದಿಷ್ಟು: ನೇಯ್ಗೆ ಗಟ್ಟಿ. ಬಣ್ಣ ಬಿಡುವುದಿಲ್ಲ. ಎಷ್ಟು ಒಗೆದರೂ ಕುಗ್ಗುವುದಿಲ್ಲ. ಅವನ ಹೆಂಡತಿ ಹದಿನಾಲ್ಕು ವರ್ಷದಿಂದ ಒಗೆಯುತ್ತಿದ್ದಾಳೆ, ನಾನೇ ಸಾಕ್ಷಿ! ದೋಷ ಒಂದೇ ಒಂದು. ಹೇಳಿದ ಕೆಲಸವನ್ನು ಹೇಳಿದಷ್ಟಕ್ಕೇ ಮಾಡಿ ಅವನಿಗೆ ಗೊತ್ತಿಲ್ಲ. ತನ್ನ ಕಡೆಯಿಂದ ಒಂದು ಅಂಚು ಹೊಲಿದೇ ಕೊಡುತ್ತಾನೆ.

ನಮ್ಮದು ಪರದೆ ಮತ್ತು ಹಾಸಿಗೆಯ ಅಂಗಡಿ. ಗಲ್ಲಾಪೆಟ್ಟಿಗೆ ನನ್ನದು, ಗೋದಾಮು ತಮ್ಮನದು. ಹನ್ನೆರಡು ನೂರು ಥಾನು ಬಟ್ಟೆಯಲ್ಲಿ ಯಾವುದು ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಕಣ್ಣು ತೆರೆದರೆ ಕೈಯಲ್ಲೊಂದು ಕೆಂಪು ಸೀಮೆಸುಣ್ಣ ಇರುತ್ತದೆ. ಮೂರು ವರ್ಷ ಯಾರೂ ಬಿಚ್ಚಿ ನೋಡದ ಥಾನಿನ ಮೇಲೆ ಕೆಂಪು ಅಡ್ಡಗೀಟು ಬಿತ್ತೆಂದರೆ ಮಾರನೆಯ ದಿನ ಅದು ಗೋದಾಮಿನಿಂದ ಹೊರಗೆ. ಚೆನ್ನಾಗಿ ಓಡುವ ಥಾನಿನ ಮೇಲೆ ಮೂರು ಗೆರೆ. ಅದನ್ನು ಇನ್ನಷ್ಟು ತರಿಸಬೇಕು ಎಂದರ್ಥ. ನಿಯಮ ಸರಳ, ಗೋದಾಮು ಸ್ವಚ್ಛ.

ಅವನ ಹೆಂಡತಿಯ ಕೆಲಸ ಬೇರೆ ಥರದ್ದು. ಟೀವಿಯಲ್ಲಿ ಎಂಟು ವರ್ಷದಿಂದ ಬರುತ್ತಿರುವ ಒಂದು ಹಾಸ್ಯ ಧಾರಾವಾಹಿ ಇದೆ. ಮೂರಂತಸ್ತಿನ ಕಟ್ಟಡದಲ್ಲಿರುವ ಒಂದು ಕುಟುಂಬ, ಒಟ್ಟು ಆರು ಪಾತ್ರ. ವರ್ಷಕ್ಕೊಂದು ಸೀಸನ್. ಆ ಆರು ಜನರ ಸ್ವಭಾವ ಕಾಯುವುದೇ ಇವಳ ಉದ್ಯೋಗ. ಯಾರಿಗೆ ಯಾವ ಕೈ ವಾಡಿಕೆ, ಯಾರಿಗೆ ಯಾರ ಮೇಲೆ ಮುನಿಸು, ಯಾರು ಸುಳ್ಳು ಹೇಳುವಾಗ ಕನ್ನಡಕ ಒರೆಸುತ್ತಾರೆ, ಎಲ್ಲವನ್ನೂ ಸೀಸನ್ನಿಗೊಂದರಂತೆ ಎಂಟು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಾಳೆ. ಬಲಗೈಯವನು ಒಂದು ಸಲ ಎಡಗೈಯಲ್ಲಿ ಲೋಟ ಹಿಡಿದರೂ ಸಾಕು, "ನಿಲ್ಲಿಸಿ!" ಎಂದು ಕೂಗುತ್ತಾಳೆ. ಕ್ಯಾಮೆರಾ ನಿಲ್ಲುತ್ತದೆ. ನಟರು ಅವಳನ್ನು ನೆನಪಮ್ಮ ಎಂದೇ ಕರೆಯುವುದು.

ಒಂಬತ್ತನೆಯ ಸೀಸನ್ನಿಗೆ ಹಳೆಯ ಬರಹಗಾರರು ಬಿಟ್ಟುಹೋದರು. ಹೊಸಬರಿಬ್ಬರು ಬಂದರು. ಅವರು ಧಾರಾವಾಹಿಯ ಒಂದು ಕಂತನ್ನೂ ನೋಡಿರಲಿಲ್ಲ, ನೋಡಲು ಪುರುಸೊತ್ತೂ ಇರಲಿಲ್ಲ. ನಿರ್ದೇಶಕರು ನೆನಪಮ್ಮನನ್ನು ಕರೆದು ಹೇಳಿದರು: "ಎಂಟು ರಿಜಿಸ್ಟರನ್ನ ಒಂದರಲ್ಲಿ ಬರೆದು ಕೊಡಿ. ಹುಡುಕಾಡೋ ಹಾಗಿರಬಾರದು, ಪಾತ್ರಕ್ಕೊಂದೇ ಕಡೆ ಎಲ್ಲ ಸಿಗಬೇಕು. ಬರೆಯೋರು ಅದನ್ನೇ ನೋಡಿ ಬರೀತಾರೆ. ಈ ಸಲ ನಮ್ಮ ಜನ ಬೇರೆ ಯಾರೋ ಥರ ಕಂಡರೆ ನಿಮ್ಮನ್ನಿಟ್ಟುಕೊಂಡು ನಾನೇನು ಮಾಡಲಿ?"

ಅದೇ ವಾರ ಅವಳು ಹೊರಗಿನ ಚಿತ್ರೀಕರಣಕ್ಕೆ ನಾಲ್ಕು ದಿನ ಹೋಗಬೇಕಾಗಿತ್ತು. ಊಟದ ಮೇಜಿನ ಮೇಲೆ ಎಂಟು ರಿಜಿಸ್ಟರ್ ಹರಡಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ತಮ್ಮ ಅಂಗಿಯ ತೋಳು ಮಡಿಸಿದ.

"ಇಷ್ಟಕ್ಕೆ ಯೋಚನೆ ಮಾಡ್ತಾರೇನೇ? ನೀನು ಹೋಗಿ ಬಾ. ನಾನು ಬರೆದು ಇಟ್ಟಿರ್ತೀನಿ."

"ನೀವಾ?"

"ಯಾಕೆ? ಹನ್ನೆರಡು ನೂರು ಥಾನು ಸಾಕಿದೋನಿಗೆ ಆರು ಜನ ಯಾವ ಲೆಕ್ಕ! ಅದೂ ಇಲ್ಲದ ಜನ!"

"ರೀ, ಇದು ಗೋದಾಮಲ್ಲ. ಕಂಡಿದ್ದನ್ನ ಕಂಡ ಹಾಗೆ ನಕಲು ಮಾಡಬೇಕು. ಒಂದು ಸಾಲೂ ಬಿಡೋ ಹಾಗಿಲ್ಲ."

"ನನ್ನ ಕೈಗೆ ಬಂದ ಸರಕು ಯಾವತ್ತಾದರೂ ಕಳೆದಿದೆಯಾ?"

"ಕಳೆದಿಲ್ಲ. ಬಿಸಾಕಿದೀರಿ."

"ಅದು ಬೇರೆ."

ಬೇರೆ ಎಂದು ಅವನು ನಿಜವಾಗಿಯೂ ನಂಬಿದ್ದ. ಅವಳಿಗೂ ಬೇರೆ ದಾರಿ ಇರಲಿಲ್ಲ. ಬಟ್ಟೆ ತುಂಬಿಕೊಂಡು ಹೊರಟಳು.

ಮೊದಲ ಸಂಜೆ ಅವನು ಧರ್ಮರಾಯನ ಹಾಗೆ ಕೂತು ಸಾಲಿಗೆ ಸಾಲು ನಕಲು ಮಾಡಿದ. ಮೊದಲು ಅಜ್ಜನ ಪಾತ್ರ. ನಿವೃತ್ತ ಪೋಸ್ಟ್ ಮಾಸ್ತರ. ಅಜ್ಜ ಒಬ್ಬನಿಗೇ ಇನ್ನೂರ ಹನ್ನೆರಡು ಸಾಲು! ಬೆಕ್ಕು ಹತ್ತಿರ ಬಂದರೆ ಸೀನು. ಪತ್ರ ಒಡೆಯುವ ಮೊದಲು ಮೂಗಿಗೆ ಹಿಡಿಯುತ್ತಾನೆ. ಲಿಫ್ಟ್ ಹತ್ತುವುದಿಲ್ಲ, ಮೂರು ಮಹಡಿಯನ್ನೂ ಮೆಟ್ಟಿಲಲ್ಲೇ ಏರುತ್ತಾನೆ. ಯಾಕೆಂದರೆ ಅವನ ಹೆಂಡತಿಗೆ ಎದೆನೋವು ಬಂದಾಗ ಇಬ್ಬರೂ ನಿಂತುಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಇದು ಮೊದಲನೆಯ ಸೀಸನ್ನಿನಲ್ಲಿ ಎರಡು ಸಲ, ಎರಡನೆಯದರಲ್ಲಿ ಒಂದು ಸಲ ಬಂದಿತ್ತು. ಆಮೇಲೆ ಆರು ವರ್ಷ ಅದರ ಸುದ್ದಿಯೇ ಇಲ್ಲ.

ಆರು ವರ್ಷ!

ಎರಡನೆಯ ಸಂಜೆ ತಮ್ಮನ ಕೈ ತುರಿಸತೊಡಗಿತು. ಮನೆಯಲ್ಲಿ ಕೆಂಪು ಸೀಮೆಸುಣ್ಣ ಇರಲಿಲ್ಲ. ಕೆಂಪು ಪೆನ್ನು ಇತ್ತು. ಹಿಂದಿನ ಸಂಜೆ ಬರೆದ ಹಾಳೆಗಳನ್ನು ಹರಿದು ಹೊಸದಾಗಿ ಶುರು ಮಾಡಿದ. ಲಿಫ್ಟಿನ ಸಾಲಿಗೆ ಮನಸ್ಸಿನಲ್ಲೇ ಒಂದು ಅಡ್ಡಗೀಟು ಹಾಕಿ ಅದನ್ನು ನಕಲಿನಿಂದ ಬಿಟ್ಟ. ಬೆಕ್ಕಿನ ಸೀನು ನಾಲ್ಕು ವರ್ಷದಿಂದ ಕದಲಿಲ್ಲ, ಅದೂ ಹೋಯಿತು. ಧಾರಾವಾಹಿಯ ಸೊಸೆ ಹಲ್ಲಿನ ಡಾಕ್ಟರು. ಎರಡನೆಯ ಸೀಸನ್ನಿನಲ್ಲಿ ಕ್ಲಿನಿಕ್ ಮುಚ್ಚಿದ ಮೇಲೆ ಒಬ್ಬಳೇ ಹಾಡಿಕೊಂಡಿದ್ದಳು. ಮತ್ತೆ ಹಾಡಿಲ್ಲವಲ್ಲ, ಹೊರಗೆ! ಗೋದಾಮು ಹಗುರವಾಗುತ್ತ ಬಂದಂತೆ ಅವನ ಮನಸ್ಸೂ ಹಗುರವಾಯಿತು.

ಇನ್ನು ಓಡುವ ಸರಕು. ಕಿರಿಯ ಮಗ ಕೀಲಿಕೈ ಮರೆತದ್ದು ಎಂಟು ಸೀಸನ್ನಿನಲ್ಲಿ ನಲವತ್ತೊಂದು ಸಲ. ಆಹಾ, ಎಂಥ ಬೇಡಿಕೆ! ಅದನ್ನು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಕೆಂಪಿನಲ್ಲಿ ಮೂರು ಗೆರೆ ಎಳೆದ. ಸೊಸೆ ಗಂಡನಿಗೆ ಬೈದದ್ದು ಅರವತ್ತಮೂರು ಸಲ. ಮೂರು ಗೆರೆ! ಅದೇ ಕಿರಿಯ ಮಗ ಊರಿನ ಎಲ್ಲ ಬಸ್ಸುಗಳ ವೇಳೆಯನ್ನೂ ಬಾಯಿಪಾಠ ಹೇಳುತ್ತಾನೆಂದು ಮೂರನೆಯ ರಿಜಿಸ್ಟರಿನಲ್ಲಿತ್ತು. ಅದು ಕದಲದ ಸರಕು, ಬಿಟ್ಟ.

ನಾಲ್ಕನೆಯ ದಿನಕ್ಕೆ ಎಂಟು ರಿಜಿಸ್ಟರ್ ಕರಗಿ ನಲವತ್ತು ಪುಟಗಳ ಒಂದೇ ನೋಟ್‌ಬುಕ್ ಆಯಿತು. ಅಷ್ಟರಲ್ಲಿ ಧಾರಾವಾಹಿಯ ಕಚೇರಿಯಿಂದ ವಾಹನ ಬಂತು. ತಮ್ಮ ಎದೆಯುಬ್ಬಿಸಿ ನೋಟ್‌ಬುಕ್ಕನ್ನು ಕೊಟ್ಟು ಕಳಿಸಿದ. ಸಂಜೆ ನೆನಪಮ್ಮ ಬಂದಳು.

"ಏನೂ ಬಿಟ್ಟಿಲ್ಲ ತಾನೇ?"

"ಬೇಕಾದ್ದು ಒಂದನ್ನೂ ಬಿಟ್ಟಿಲ್ಲ."

ದಣಿದಿದ್ದಳು. ಆ 'ಬೇಕಾದ್ದು' ಅವಳ ಕಿವಿಗೆ ಬೀಳಲಿಲ್ಲ. "ನೀವಿಲ್ಲದಿದ್ದರೆ ನನ್ನ ಗತಿ ಏನಾಗ್ತಿತ್ತೋ" ಎಂದಳು. ತಮ್ಮ ಮಾರನೆಯ ದಿನ ಅಂಗಡಿಗೆ ಬಂದು ಈ ಮಾತನ್ನು ನನಗೆ ಮೂರು ಸಲ ಹೇಳಿದ.

ಮೂರು ವಾರ ಕಳೆದು ಒಂಬತ್ತನೆಯ ಸೀಸನ್ನಿನ ಚಿತ್ರೀಕರಣ ಶುರುವಾಯಿತು. ಸೆಟ್ಟಿಗೆ ಪರದೆ ಹೋಗುವುದು ನಮ್ಮ ಅಂಗಡಿಯಿಂದಲೇ. ಮೊದಲ ದಿನ ಬೆಳಿಗ್ಗೆ ತಮ್ಮನೇ ಹೋಗಿ ಏಣಿ ಹತ್ತಿ, ಹಜಾರದ ಕಿಟಕಿಯ ಹಿಂದೆ ನಿಂತು ಸರಳಿಗೆ ಉಂಗುರ ಪೋಣಿಸುತ್ತಿದ್ದ. ಅಷ್ಟರಲ್ಲಿ ಪರದೆಯ ಆಚೆಯಿಂದ ಹೆಂಡತಿಯ ದನಿ ಕೇಳಿಸಿತು.

"ಸರ್, ಈ ದೃಶ್ಯದ ಹಾಳೆ ನನ್ನ ಕೈಗೆ ಸಿಕ್ಕಿದ್ದೇ ಈಗ. ಅಜ್ಜ ಬೆಕ್ಕು ಎತ್ತಿಕೊಂಡು ಲಿಫ್ಟಿನಲ್ಲಿ ಹೋಗ್ತಾನೆ ಅಂತ ಬರೆದಿದಾರೆ! ಕಿರಿಯ ಮಗ ತನ್ನ ಹೆಸರನ್ನೇ ಮರೀತಾನಂತೆ! ಸೊಸೆ ಬಾಯಿ ತೆಗೆದರೆ ಬೈಗುಳ! ಯಾರ್ರೀ ಇವರೆಲ್ಲ?"

"ನಮ್ಮನ್ನ ಕೇಳ್ತೀರಲ್ಲ ಮೇಡಂ," ಎಂದ ಬರಹಗಾರರಲ್ಲೊಬ್ಬ. "ನೀವು ಕೊಟ್ಟ ಪುಸ್ತಕದಲ್ಲಿ ಇದ್ದದ್ದೇ ಬರೆದಿದೀವಿ. ಮರೆವಿಗೆ ಮೂರು ಗೆರೆ ಎಳೆದಿದೀರಿ. ಅಷ್ಟು ಮುಖ್ಯ ಅಂದಮೇಲೆ ಸ್ವಲ್ಪ ಜಾಸ್ತಿ ಮಾಡಿದ್ವಿ."

ನಿರ್ದೇಶಕರು ನೋಟ್‌ಬುಕ್ ಮುಂದೆ ಹಿಡಿದರು. "ಲಿಫ್ಟ್ ಹತ್ತಲ್ಲ ಅಂತ ಎಲ್ಲಿದೆ? ತೋರಿಸಿ."

ಪುಟ ಮಗುಚುವ ಸದ್ದು ಕೇಳಿಸಿತು. ತಮ್ಮ ಪರದೆಯ ಸಂದಿಯಿಂದ ಇಣುಕಿದ. ಅವಳು ಒಂದು ಪುಟದಲ್ಲಿ ನಿಂತಳು. ಕೆಂಪು ಗೆರೆಗಳನ್ನು ಬೆರಳಿನಿಂದ ಸವರಿದಳು. ಆ ಗೆರೆಗಳನ್ನು ಅವಳು ನಮ್ಮ ಗೋದಾಮಿನಲ್ಲಿ ಎಷ್ಟೋ ಸಲ ನೋಡಿದ್ದಾಳೆ. ನೋಟ್‌ಬುಕ್ ಮುಚ್ಚಿ ಎದೆಗವಚಿಕೊಂಡಳು.

"ಇಲ್ಲ ಸರ್. ತಪ್ಪು ನನ್ನದೇ."

"ಎಂಟು ವರ್ಷ ಆದಮೇಲೆ ನಿಮಗೇ ಮರೆವು ಬಂದರೆ ಕಷ್ಟ. ಇವತ್ತಿನ ಕೆಲಸ ಮುಗಿಸಿಕೊಡಿ. ನಾಳೆಯಿಂದ ಬೇರೆ ಯಾರನ್ನಾದರೂ ನೋಡ್ತೀನಿ."

ಅವಳು ಗಂಡನ ಹೆಸರು ಹೇಳುತ್ತಾಳೆಂದು ತಮ್ಮ ಕಾದ. ಹೇಳಲಿಲ್ಲ. ಇಳಿದು ಹೋಗೋಣವೆಂದು ಒಂದು ಕಾಲು ಕೆಳಗಿಟ್ಟ. ಕೆಳಗಿನಿಂದ ಯಾರೋ ಅವನ ಪ್ಯಾಂಟು ಹಿಡಿದು ಜಗ್ಗಿ, "ಶ್! ಅಲ್ಲಾಡಬೇಡಿ, ಶಾಟ್ ಶುರು!" ಎಂದರು. ಸೆಟ್ಟೆಲ್ಲ ನಿಶ್ಶಬ್ದ. ತಮ್ಮ ಒಂದು ಕಾಲಲ್ಲಿ ಕೊಕ್ಕರೆಯಂತೆ ನಿಂತ.

ಅಜ್ಜ ಬಂದ. ತೋಳಿನಲ್ಲಿ ದಪ್ಪನೆಯ ಬೆಕ್ಕು. ಸೀನಲಿಲ್ಲ! ಹಾಡು ಗುನುಗುತ್ತ ಬಂದು ಲಿಫ್ಟಿನ ಗುಂಡಿ ಒತ್ತಿದ. ಬಾಗಿಲು ತೆರೆಯಿತು. ತಮ್ಮ ಹೆಂಡತಿಯ ಕಡೆ ನೋಡಿದ. ಲೋಟ ಕೈ ಬದಲಾಯಿಸಿದರೆ ಕೂಗುವವಳು ಈಗ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

ಆಮೇಲೆ ಆದದ್ದಕ್ಕೆ ತಾನು ಜವಾಬ್ದಾರನಲ್ಲ ಎನ್ನುತ್ತಾನೆ ತಮ್ಮ. ಇನ್ನೂರ ಹನ್ನೆರಡು ಸಾಲು ಓದಿದವನು ಅವನು. ಆ ಅಜ್ಜನನ್ನು ತನ್ನ ಸ್ವಂತ ಮಾವನಿಗಿಂತ ಚೆನ್ನಾಗಿ ಬಲ್ಲ. ಮುದುಕ ಲಿಫ್ಟಿನೊಳಗೆ ಒಂದು ಪಾದ ಇಟ್ಟದ್ದೇ ತಡ, ಪರದೆಯ ಹಿಂದಿನಿಂದ ಒಂದು ಘೋಷಣೆ ಮೊಳಗಿತು:

"ಏಯ್! ಅಜ್ಜ ಲಿಫ್ಟ್ ಹತ್ತಲ್ಲ!"

ಕೂಗಿದ ರಭಸಕ್ಕೆ ಏಣಿ ಜಾರಿತು. ತಮ್ಮ ಪರದೆ ಹಿಡಿದ. ಪರದೆ ಸರಳನ್ನು ಹಿಡಿಯಿತು. ಸರಳು ಗೋಡೆಯನ್ನು ಹಿಡಿಯಿತು. ಗೋಡೆ ಪ್ಲೈವುಡ್ಡಿನದು, ಅದಕ್ಕೆ ಹಿಡಿಯಲು ಏನೂ ಇರಲಿಲ್ಲ. ಕಿಟಕಿ, ಗೋಡೆ, ಹದಿನೆಂಟು ಮೀಟರ್ ಪರದೆ ಮತ್ತು ನನ್ನ ತಮ್ಮ, ಇಷ್ಟೂ ಸರಕು ಒಟ್ಟಿಗೆ ಹಜಾರಕ್ಕೆ ಇಳಿಯಿತು. ಬೆಕ್ಕು ಅಜ್ಜನ ತಲೆ ಹತ್ತಿತು. ಅಜ್ಜನ ಪಾತ್ರದ ನಟ ನಿಜವಾಗಿಯೂ ಸೀನಿದ.

"ಯಾರ್ರೀ ಇವನು?" ನಿರ್ದೇಶಕರು ಕಿರುಚಿದರು.

ಪರದೆಯ ರಾಶಿಯಿಂದ ತಲೆ ಹೊರಗೆ ಬಂತು. "ಆ ನೋಟ್‌ಬುಕ್ ಬರೆದೋನು ನಾನು ಸರ್. ಅವಳ ತಪ್ಪಿಲ್ಲ. ಒಂದು ಸಾಲೂ ಬಿಡಬೇಡ ಅಂದಿದ್ಲು. ನಾನೇ ಬಿಟ್ಟೆ."

"ಯಾಕಯ್ಯಾ ಬಿಟ್ಟೆ?"

"ಮೂರು ವರ್ಷದಿಂದ ಕದಲಿರಲಿಲ್ಲ ಸರ್."

"ಏನು ಕದಲಿರಲಿಲ್ಲ?"

"ಸರಕು. ಲಿಫ್ಟಿನ ವಿಷಯ ಆರು ವರ್ಷದಿಂದ ಯಾರೂ ಎತ್ತೇ ಇಲ್ಲ."

ನೆನಪಮ್ಮ ಆಗ ಬಾಯಿ ಬಿಟ್ಟಳು. "ಎತ್ತೋದು ಯಾಕ್ರೀ? ಆರು ವರ್ಷದಿಂದ ದಿನಾ ಮೆಟ್ಟಿಲು ಹತ್ತಿದಾನೆ. ಮೂರನೇ ಮಹಡಿಗೆ ಬಂದು ಏದುಸಿರು ಬಿಟ್ಟು ಕೂರ್ತಾನೆ. ಸೊಸೆ ಏನೂ ಕೇಳದೆ ನೀರು ಕೊಡ್ತಾಳೆ. ಅವನು ಯಾಕೆ ಹತ್ತಿ ಬಂದ ಅಂತ ಮನೆಯವರಿಗೆಲ್ಲ ಗೊತ್ತು, ನೋಡೋರಿಗೂ ಗೊತ್ತು. ಗೊತ್ತಿರೋದನ್ನ ಯಾರಾದರೂ ದಿನಾ ಹೇಳ್ತಾರಾ?"

ಅಜ್ಜನ ಪಾತ್ರದವರು ತಲೆಯಿಂದ ಬೆಕ್ಕನ್ನು ಬಿಡಿಸಿಕೊಳ್ಳುತ್ತ ಹೇಳಿದರು: "ನನಗೂ ಒಳಗೇ ಒಂಥರಾ ಆಗ್ತಿತ್ತು ಕಣಮ್ಮ. ಬರೆದಿದಾರಲ್ಲ ಅಂತ ಸುಮ್ಮನಿದ್ದೆ."

ನಿರ್ದೇಶಕರು ಬಿದ್ದ ಗೋಡೆಯ ಮೇಲೆ ಕೂತರು. ಬರಹಗಾರರಿಗೆ, "ಎಂಟೂ ರಿಜಿಸ್ಟರ್ ತರಿಸ್ತೀನಿ. ಓದಿ ಮುಗಿಸೋವರೆಗೂ ಪೆನ್ನು ಮುಟ್ಟಬೇಡಿ" ಎಂದರು. ನೆನಪಮ್ಮನ ಕಡೆ ತಿರುಗಿ, "ನೀವು ನಾಳೆ ಬನ್ನಿ. ನಾಡಿದ್ದೂ ಬನ್ನಿ" ಎಂದರು. ತಮ್ಮನಿಗೆ, "ಈ ಮೂರು ವರ್ಷದ ಶಾಸ್ತ್ರ ನಿನಗೆ ಯಾರು ಹೇಳಿಕೊಟ್ಟದ್ದು?"

"ನಮ್ಮಣ್ಣ ಸರ್."

ಬರಹಗಾರರಿಬ್ಬರೂ ಒಟ್ಟಿಗೆ ತಲೆಯೆತ್ತಿದರು. "ಅವರು ಹೇಗೆ? ಸ್ವಲ್ಪ ಹೇಳಿ."

ತಮ್ಮ ಹೇಳಿದ. ಹೇಳಿದ ಕೆಲಸಕ್ಕೆ ಅಂಚು ಹೊಲಿಯುವವನಲ್ಲವೇ, ಧಾರಾಳವಾಗಿಯೇ ಹೇಳಿದ!

ಐದನೆಯ ಕಂತಿನಲ್ಲಿ ಆ ಕಟ್ಟಡದ ಕೆಳಮಹಡಿಗೆ ಹೊಸಬನೊಬ್ಬ ಬಂದ. ಪರದೆ ವ್ಯಾಪಾರಿ. ಬೇಸಿಗೆಯಲ್ಲಿ ಕೊಡೆ ಬಿಸಾಕುತ್ತಾನೆ, ಮಳೆ ಬಂದಾಗ ಅದೇ ಕೊಡೆಗಾಗಿ ತಮ್ಮನನ್ನು ಬೈಯುತ್ತಾನೆ. ಕಡ್ಡಿಯಿಂದ ಹಲ್ಲು ಚುಚ್ಚುತ್ತ ಗಿರಾಕಿಯನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಾನೆ. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಗು ಮುಗಿದ ಮೇಲೆ ಬಾಯಲ್ಲಿದ್ದ ಕಡ್ಡಿ ತೆಗೆದು ನೋಡಿದೆ. ಮಾರನೆಯ ದಿನ ಬಂದ ಮೊದಲ ಗಿರಾಕಿ ದಿಂಬಿನ ಬೆಲೆ ಕೇಳುವ ಬದಲು, "ಏನ್ ಸ್ವಾಮಿ, ಹೆಂಡತಿಗೆ ಮೂರು ವರ್ಷ ಆಯಿತಾ? ಇನ್ನೂ ಮನೇಲೇ ಇದಾರಾ?" ಎಂದ.

ಸಂಜೆ ತಮ್ಮನ ಮನೆಗೆ ಹೋದೆ. ನೆನಪಮ್ಮ ಒಂಬತ್ತನೆಯ ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದಳು.

"ಅಲ್ಲಮ್ಮಾ, ಆ ಕೆಳಮಹಡಿಯವನನ್ನ ಸ್ವಲ್ಪ ತಿದ್ದಿಸೋಕಾಗುತ್ತಾ ನೋಡು. ಪಾಪ, ಬೆಳೀಲಿ ಅವನೂ."

"ಆಗಲ್ಲ ಭಾವ. ಬಂದ ದಿನ ಹೇಗಿದ್ದನೋ ಕೊನೇವರೆಗೂ ಹಾಗೇ ಇರಬೇಕು. ಅದಕ್ಕೇ ಅಲ್ವಾ ನಾನಿರೋದು?"

"ಒಂದೇ ಒಂದು ಕಂತಿನಲ್ಲಾದರೂ 'ನನ್ನದು ತಪ್ಪಾಯಿತು' ಅಂತ ಅವನು ಹೇಳಬಹುದಲ್ಲ?"

ಅವಳು ಪೆನ್ನು ಕೆಳಗಿಟ್ಟು, ಪ್ರಾಮಾಣಿಕವಾಗಿಯೇ ಯೋಚಿಸಿದಳು.

"ಅವನಾ? ಇಲ್ಲ ಭಾವ, ಅದು ಅವನ ಸ್ವಭಾವಕ್ಕೆ ಹೊಂದಲ್ಲ. ಜನ ನಂಬಲ್ಲ."

ಒಳಗಿನಿಂದ ತಮ್ಮ ನಕ್ಕದ್ದು ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಅವಳ ಕೆಲಸಕ್ಕೆ ಕುತ್ತು ತಂದದ್ದು ನನ್ನ ನಿಯಮ. ಆ ಕೆಲಸವನ್ನು ಉಳಿಸಿದ್ದು ನನ್ನ ತಮ್ಮ. ಇಬ್ಬರಲ್ಲೂ ನಾನು ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.