ಕಾಕಾನ ಇಬ್ಬರು ಅಜ್ಜಿಯರು

ಬದುಕಿರುವ ನೆಂಟರೆಂದರೆ ನಮ್ಮ ಕಾಕಾನಿಗೆ ತಲೆನೋವು, ಸತ್ತವರೆಂದರೆ ಪ್ರಾಣ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಯಾರ ಬಾಯಲ್ಲಾದರೂ ನಮ್ಮ ಬೀದರಿನ ಕನ್ನಡ ಕೇಳಿಸಿದರೆ ಸಾಕು, "ನಿಮ್ಮ ಮುತ್ಯಾ ಯಾವ ಊರಿನವ್ರು?" ಎಂದು ಅಜ್ಜನ ಊರು ಕೇಳಿ ಹಿಡಿದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಆತನ ಗಾಡಿ ಹೋಗಿರುತ್ತದೆ. ಮನೆಗೆ ಕರೆತಂದು ಊಟ ಹಾಕಿಸುವವರೂ ಕಾಕಾನೇ. ಅಡುಗೆ ಮಾತ್ರ ಅವರ ಹೆಂಡತಿ, ನಮ್ಮ ಕಾಕುವಿನದು.

ಈ ಹುಚ್ಚು ನೆತ್ತಿಗೇರಿದ್ದು ಕಾಕಾನ ಅಜ್ಜಿಯಿಂದ; ಆಕೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಾಕಾ ಆಕೆಯನ್ನು ಕಂಡವರಲ್ಲ. ಮನೆಯ ಹಿರಿಯರು ಗುರಮ್ಮ ಎನ್ನುತ್ತಿದ್ದರು. ಸ್ಟೇಷನ್ನಿನಲ್ಲಿ ಸಿಕ್ಕ ದೂರದ ನೆಂಟನೊಬ್ಬ ಒಂದು ದಿನ, "ನಿಮ್ಮ ಮುತ್ಯಾನ ಹೆಂಡ್ತಿ ಕಾಶಮ್ಮ ಅಲ್ಲೇನ್ರಿ?" ಎಂದುಬಿಟ್ಟ. ಪಾಪ, ಸತ್ತು ಎಷ್ಟೋ ಕಾಲವಾದ ಮೇಲೆ ಮುತ್ಯಾನಿಗೆ ಎರಡನೆಯ ಮದುವೆಯಾಯಿತು!

"ಹಂಗಾದ್ರ ನಾ ಯಾರ ಮೊಮ್ಮಗ? ಇದೊಂದು ತಿಳೀದೆ ನಾ ಸಾಯಂಗಿಲ್ಲ" ಎಂದರು ಕಾಕಾ.

"ಹಂಗಾದ್ರ ತಿಳಿಯೋದೇ ಬ್ಯಾಡ" ಎಂದರು ಕಾಕು.

ಆ ವರ್ಷ ಹಿರಿಯರ ಅಮಾವಾಸ್ಯೆಗೆ ಅಜ್ಜಿಯರಿಗೆಂದು ಎರಡು ಎಡೆ. ಸವತಿಯರು ಮುಖ ನೋಡಿಕೊಂಡು ಜಗಳಕ್ಕಿಳಿದರೆ? ಒಂದನ್ನು ಪೂರ್ವದ ಗೋಡೆಗೆ, ಇನ್ನೊಂದನ್ನು ಪಶ್ಚಿಮದ ಗೋಡೆಗೆ ಇಟ್ಟರು. ಯಾರ ಹೋಳಿಗೆ ದೊಡ್ಡದಾಯಿತೋ ಎಂಬ ಚಿಂತೆ ಬೇರೆ.

ಕಡೆಗೆ, ಕಾಶಮ್ಮನ ತವರಿನ ಮುದುಕಿಯೊಬ್ಬಳು ಸಂಭಾಜಿನಗರದಲ್ಲಿದ್ದಾಳೆಂದು ತಿಳಿದು ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಆಕೆಯ ಮಗ ಶೇಂದ್ರಾದ ಫ್ಯಾಕ್ಟರಿಗೆ ಹೋಗಿದ್ದ; ಮುದುಕಿ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ಸವತಿಯರ ಕಥೆ ಕೇಳಿ ನಕ್ಕಳು.

"ಇಬ್ಬರಲ್ರಿ ಅಣ್ಣಾ, ಒಬ್ಬಾಕೇನೇ. ತವರಾಗ ಕಾಶಮ್ಮ. ಮದ್ವಿ ದಿನ ನಿಮ್ಮ ಮುತ್ಯಾ ತಾಟಿನ ಅಕ್ಕ್ಯಾಗ ಬೆರಳಿಲೆ ಹೊಸ ಹೆಸರು, ಗುರಮ್ಮ ಅಂತ ಬರದ್ರು."

"ಅಂದ್ರ... ಇನ್ನೊಬ್ಬಾಕಿ ಇಲ್ಲೇ ಇಲ್ಲ?" ಕಾಕಾನ ಮುಖ ನೋಡಿದರೆ, ಅಜ್ಜಿಯೊಬ್ಬಳು ಆಗಷ್ಟೇ ತೀರಿಕೊಂಡಂತಿತ್ತು.

"ಇದ್ಳಲ್ರಿ. ಆಮ್ಯಾಲ ಆ ಹೆಸರಿಲೆ ಯಾರೂ ಕರೀಲಿಲ್ಲ, ಅಷ್ಟೇ."

ನಾಸಿಕ್‌ಗೆ ಮರಳಿದೆವು. ಮನೆಯಲ್ಲಿ ನಾನೇ ಕಥೆ ಹೇಳಿದೆ. ಕಾಕು ಚಹಾ ಸೋಸುತ್ತ, "ನಂದೂ ಅಕ್ಕ್ಯಾಗ ನೀವೇ ಬರದಿದ್ರಲ್ಲ" ಎಂದರು.

ಸತ್ತವರ ಹೆಸರನ್ನೆಲ್ಲ ಬಾಯಿಪಾಠ ಒಪ್ಪಿಸುವ ಕಾಕಾ ತಡವರಿಸಿದರು. "ಅದಕ್ಕ ಮೊದಲ ಏನಿತ್ತು?"

"ನೀಲಮ್ಮ."

ತಾವು ಬರೆದ ಹೆಸರಿನಿಂದಲೂ ಅವರು ಕಾಕುವನ್ನು ಕರೆದದ್ದನ್ನು ನಾನು ಕೇಳಿಲ್ಲ. "ಕೇಳಿದೇನು?" ಎಂಬುದೇ ಆ ಮನೆಯಲ್ಲಿ ಕಾಕುವಿನ ಹೆಸರು. ಚಹಾದ ಕಪ್ಪು ಹಿಡಿದು ಹೊರಗೆ ಹೋದ ಕಾಕಾ ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಮೆಲ್ಲಗೆ ಕರೆದರು: "ನೀಲಮ್ಮಾ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಾಕಾ ಇನ್ನೊಮ್ಮೆ ಕರೆದರು.

"ಓ" ಎಂದರು ಕಾಕು. ತವರಿನ ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯ ದನಿ ಅದು. ನನಗೆ ಅಳು ಬಂತು.