ಕುತ್ತಿಗೆಗೆ ಚುಚ್ಚಿದ ಸೂಜಿಯೂ ಬಸಪ್ಪ ಕಾಕಾನ ಪಾರಿವಾಳವೂ

ಮನುಷ್ಯ ತನ್ನ ಕೈಯನ್ನು ಎಂದೂ ಸರಿಯಾಗಿ ನೋಡಿರುವುದಿಲ್ಲ ಎಂದು ನನ್ನ ಅಭಿಪ್ರಾಯ. ಮುಖವನ್ನಾದರೂ ದಿನಕ್ಕೊಮ್ಮೆ ಕನ್ನಡಿಯಲ್ಲಿ ನೋಡಿಕೊಂಡು ನಿರಾಶನಾಗುತ್ತಾನೆ. ಕೈಗೆ ಆ ಭಾಗ್ಯವೂ ಇಲ್ಲ. ನಾನಂತೂ ಕೈಯಿಂದಲೇ ಅನ್ನ ಸಂಪಾದಿಸುವವನು. ಆಗ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಯಂತ್ರಗಳ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ದಿನವಿಡೀ ನಕ್ಷೆ ಬರೆಯುವ ಕೆಲಸ. ಆದರೂ ನನ್ನ ಬಲಗೈಯನ್ನು ನಾನು ಮೊದಲ ಸಲ ಮನಸ್ಸಿಟ್ಟು ನೋಡಿದ್ದು, ಅದು ನನ್ನದಲ್ಲ ಎನಿಸಿದ ದಿನ.

ಕೈ ಮುರಿದ ಕಥೆ ಹೇಳಿಕೊಳ್ಳುವಂಥದಲ್ಲ. ಘಾಟ್ಕೋಪರದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿದ್ದು, ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ಜೋತು ಬಿದ್ದು ಓಡಾಡುವವನು ಬೀಳಬೇಕಾದರೆ ಲೋಕಲ್‌ನಿಂದಲೇ ಬೀಳಬೇಕು. ನಾನು ಉಪ್ಪಿನಕಾಯಿ ಭರಣಿ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದೆ. ವಿಚಾರಿಸಲು ಬಂದವರೆಲ್ಲ ಆಸೆಯಿಂದ "ಲೋಕಲ್ಲಾ?" ಎಂದು ಕೇಳಿ, ಸ್ಟೂಲು ಎಂದ ಕೂಡಲೇ ಭರಣಿಯ ಗತಿ ಏನಾಯಿತೆಂದು ಕೇಳುತ್ತಿದ್ದರು.

ಮಣಿಕಟ್ಟಿನ ಮೇಲಿನ ಎಲುಬನ್ನು ಕೊಯ್ದು ಕೂಡಿಸಬೇಕೆಂದು ಪರೇಲ್ ಕಡೆಯ ಆಸ್ಪತ್ರೆಯೊಂದರಲ್ಲಿ ಹೇಳಿದರು. ಬೆಳಿಗ್ಗೆ ಏನೂ ತಿನ್ನಬಾರದೆಂದೂ ಹೇಳಿದ್ದರು. "ಖಾಲಿ ಹೊಟ್ಟ್ಯಾಗ ಯಾರರ ಮನಿ ಬಿಟ್ಟು ಹೋಗ್ತಾರೇನು?" ಎಂದು ನನ್ನ ಹೆಂಡತಿ ಶಾಂತಾ ಒಂದು ತಟ್ಟೆ ಉಪ್ಪಿಟ್ಟು ತಿನ್ನಿಸಿದಳು. ಅರಿವಳಿಕೆ ಕೊಡುವ ಮರಾಠಿ ಡಾಕ್ಟರಮ್ಮ ಅದನ್ನು ಕೇಳಿ ತಲೆ ಚಚ್ಚಿಕೊಂಡರು. ತುಂಬಿದ ಹೊಟ್ಟೆಯವನಿಗೆ ಪೂರ್ತಿ ಮೂರ್ಛೆ ಕೊಡುವಂತಿಲ್ಲ, ಕೈಯನ್ನಷ್ಟೇ ಮಲಗಿಸುತ್ತೇನೆ ಎಂದರು. ಮಲಗಿಸುವ ಸೂಜಿಯನ್ನು ಹಿಡಿದದ್ದು ಮಾತ್ರ ನನ್ನ ಕುತ್ತಿಗೆಯ ಬುಡಕ್ಕೆ. "ಡಾಕ್ಟರ್, ಕೈ ಇಲ್ಲಿದೆ" ಎಂದು ತೋರಿಸಿದೆ. "ಮೇನ್ ಸ್ವಿಚ್ ಇಲ್ಲಿದೆ" ಎಂದರು ಅವರು. ಹೆಬ್ಬೆರಳಿಗೆ ಕರೆಂಟು ಹೊಡೆದಂತಾದರೆ ಹೇಳಬೇಕು, ಆದರೆ ಕೆಮ್ಮಬಾರದು. ಪಕ್ಕದಲ್ಲೇ ಪುಪ್ಪುಸದ ತುದಿ ಇದೆ, ಸೂಜಿ ತಾಗಿದರೆ ಗಾಳಿ ಸೋರುತ್ತದೆ ಎಂದರು. ವರ್ಷಗಟ್ಟಲೆ ಕೆಮ್ಮದ ನನಗೆ ಆ ಕ್ಷಣವೇ ಗಂಟಲಲ್ಲಿ ಕೆರೆತ ಶುರುವಾಯಿತು. ಹೇಗೋ ನುಂಗಿಕೊಂಡೆ. ಹೆಬ್ಬೆರಳು ಝುಮ್ಮೆಂದಿತು, "ಬಂತು" ಎಂದೆ.

ಸ್ವಲ್ಪ ಹೊತ್ತಿಗೆ ಕೈ ಬಿಸಿಯಾಯಿತು, ಭಾರವಾಯಿತು, ಆಮೇಲೆ ಇಲ್ಲವಾಯಿತು. ಇಲ್ಲವಾಯಿತು ಎಂದರೆ ಪೂರ್ತಿ ಹೋಗಲಿಲ್ಲ; ನನ್ನ ಎದೆಯ ಮೇಲೆ ಮಡಿಸಿಕೊಂಡಂತೆ ಇದೆ ಎಂದೇ ಅನಿಸುತ್ತಿತ್ತು. ಅಷ್ಟರಲ್ಲಿ ನರ್ಸೊಬ್ಬಳು ಯಾರದೋ ಕೈಯನ್ನು ಎತ್ತಿ ಹಿಡಿದು ಔಷಧಿ ಬಳಿಯುತ್ತಿರುವುದು ಕಂಡಿತು. ಪಾಪ, ಯಾರದೋ ಎಂದುಕೊಂಡೆ. ಕೈಯ ಹಿಂದೆಯೇ ಕಣ್ಣು ಹಾಯಿಸುತ್ತ ಬಂದರೆ ಅದು ನನ್ನ ಭುಜಕ್ಕೇ ಬಂದು ಸೇರಿತು. ನನಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಎದೆಯ ಮೇಲಿರುವ ಕೈ ಯಾರದು, ನರ್ಸಿನ ಕೈಯಲ್ಲಿರುವ ಕೈ ಯಾರದು ಎಂದು ಆಪರೇಷನ್ ಮುಗಿಯುವವರೆಗೂ ಯೋಚಿಸಿದೆ.

ವಾರ್ಡಿಗೆ ತಂದು ಮಲಗಿಸಿದ ಮೇಲೆ ಹೊಸ ತೊಂದರೆ ಶುರುವಾಯಿತು. ನನ್ನ ಬಲಗಣ್ಣಿನ ರೆಪ್ಪೆ ತಾನಾಗಿ ಇಳಿದುಬಿಟ್ಟಿತ್ತು. ದನಿ ಒಡೆದು ಪಿಸುಮಾತಾಗಿತ್ತು. ಡಾಕ್ಟರಮ್ಮ ಬಂದು ನೋಡಿ, "ಘಾಬರೂ ನಕಾ, ಹೆದರಬೇಡಿ. ನಿಮ್ಮ ಖೋಲಿಯ ಸ್ವಿಚ್ ತೆಗೆದಾಗ ಪಕ್ಕದ ಖೋಲಿಗಳ ದೀಪವೂ ಆರಿದೆ. ಔಷಧಿ ಇಳಿದರೆ ಎಲ್ಲ ಒಟ್ಟಿಗೆ ಹತ್ತುತ್ತವೆ" ಎಂದು ಹೇಳಿ ಹೋದರು. ಚಾಳಿನಲ್ಲಿರುವವನಿಗೆ ಇದಕ್ಕಿಂತ ಚೆನ್ನಾಗಿ ಯಾರೂ ತಿಳಿಸಿ ಹೇಳಲಾರರು. ನಾನು ನಿಶ್ಚಿಂತನಾದೆ.

ಆದರೆ ಶಾಂತಾ ಬಂದದ್ದು ಡಾಕ್ಟರಮ್ಮ ಹೋದ ಮೇಲೆ. ಜೊತೆಗೆ ನಮ್ಮ ಬಸಪ್ಪ ಕಾಕಾ. ಕಾಕಾ ವಿಜಾಪುರದ ಕಡೆಯವನು, ನಮಗೆ ದೂರದ ಸಂಬಂಧಿ. ಸಾಂತಾಕ್ರೂಜ್‌ನಲ್ಲಿ ಕಟ್ಟಡ ಕೆಲಸದವರ ಮೇಲ್ವಿಚಾರಣೆ ನೋಡುವ ಮುಕಾದಮ. ಇಬ್ಬರೂ ಮಂಚದ ಬುಡದಲ್ಲೇ ನಿಂತುಬಿಟ್ಟರು. ಬಲಗೈ ಸತ್ತಂತೆ ಬಿದ್ದಿದೆ, ಬಲಗಣ್ಣು ಇಳಿದಿದೆ, ಬಾಯಿಂದ ದನಿ ಇಲ್ಲ.

"ಕಾಕಾ, ಇವ್ರಿಗೆ ಲಕ್ವಾ ಹೊಡದೈತ್ರಿ" ಎಂದಳು ಶಾಂತಾ. "ಒಂಚೂರು ನಗ್ರಿ, ನೋಡೋಣು."

ಲಕ್ವ ಹೊಡೆದವರ ನಗು ಸೊಟ್ಟಗಾಗುತ್ತದೆ ಎಂದು ಅವಳ ಲೆಕ್ಕ. ನಾನು ನಕ್ಕೆ. ನನ್ನ ನಗು ಮದುವೆಯ ಫೋಟೋದಲ್ಲೂ ಸೊಟ್ಟಗೇ ಇದೆ. ಆ ಗಾಬರಿಯಲ್ಲಿ ಯಾರಿಗೆ ನೆನಪಿರಬೇಕು? ಪಕ್ಕದ ಖೋಲಿಗಳ ದೀಪದ ವಿಚಾರ ಪಿಸುದನಿಯಲ್ಲಿ ಹೇಳಿದೆ. "ತಲೀಗೂ ಏರೈತಿ" ಎಂದು ಕಾಕಾ ಹೊರಗೆ ಹೋದ.

ತಿರುಗಿ ಬಂದಾಗ ಅವನ ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ಚೀಲ ಗುಟುರು ಹಾಕುತ್ತಿತ್ತು. ಲಕ್ವಕ್ಕೆ ಪಾರಿವಾಳದ ಬಿಸಿರಕ್ತ ತಿಕ್ಕಬೇಕೆಂಬುದು ನಮ್ಮ ಕಡೆಯ ನಂಬಿಕೆ. ಅಲ್ಲೇ ಗಿರಣಿ ಚಾಳಿನ ಮಾಳಿಗೆಯ ಮೇಲೆ ಪಾರಿವಾಳ ಸಾಕುವ ವಿಜಾಪುರದ ಗೆಳೆಯನೊಬ್ಬನಿಂದ ಕಾಕಾ ಅದನ್ನು ಎರವಲು ತಂದಿದ್ದ.

"ಕೊಂದ್ರ ಅವ ನನ್ನ ಕೊಲ್ತಾನ. ಮತ್ತ ನಾವು ಲಿಂಗ ಕಟ್ಟಿದ ಮಂದಿ, ರಕ್ತಾ ಮುಟ್ಟೂ ಹಂಗಿಲ್ಲ" ಎಂದ ಕಾಕಾ. "ರೆಕ್ಕಿ ಗಾಳಿ ಬಡದ್ರೂ ಸಾಕು."

ನನಗೆ ಸಿಟ್ಟು ಬಂತು. ನಾನು ಮೆಟ್ರಿಕ್ ಪಾಸಾಗಿ ಮೇಲೆ ಡಿಪ್ಲೊಮಾ ಮಾಡಿದವನು. ಚೀಲವನ್ನು ಮಂಚದ ಕೆಳಗೆ ತಳ್ಳಿಸಿದೆ. ಔಷಧಿ ಇಳಿಯುವುದನ್ನು ಕಾಯುತ್ತ ಮಲಗಿದೆ. ಮಧ್ಯಾಹ್ನ ಕಳೆಯಿತು. ಎದುರು ಮಂಚದವನಿಗೂ ಕೈಯ ಆಪರೇಷನ್ ಆಗಿತ್ತು; ಅವನು ಆಗಲೇ ಚಹಾದ ಕಪ್ಪು ಹಿಡಿದು ಕೂತಿದ್ದ. ಡಾಕ್ಟರಮ್ಮ ಇನ್ನೊಮ್ಮೆ ಬಂದು, "ಕೆಲವರಿಗೆ ನಿಧಾನ" ಎಂದರು. ಪ್ಲಾಸ್ಟರಿನಿಂದ ಹೊರಗೆ ಇಣುಕಿದ ನನ್ನ ಐದು ಬೆರಳುಗಳನ್ನು ನೋಡಿದೆ. ಅಲ್ಲಾಡಿ ಎಂದೆ. ಅವು ಕೇಳಲಿಲ್ಲ. ಆಗ ಕುತೂಹಲವೆಲ್ಲ ಇಂಗಿಹೋಗಿ ನಿಜವಾದ ಹೆದರಿಕೆ ಹುಟ್ಟಿತು. ನೇರ ಗೆರೆ ಎಳೆಯುವುದನ್ನು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಶಾಂತಾ ಆ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು, ನನಗೆ ಅವಳ ಕೈ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಅದನ್ನು ನೋಡಲಾಗಲಿಲ್ಲ.

"ಕಾಕಾ" ಎಂದು ಪಿಸುಗುಟ್ಟಿದೆ, "ಚೀಲ ತಗೀರಿ."

ಕಾಕಾ ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬೆರಳುಗಳ ಮೇಲೆ ತಂದ. ಅದು ಪಟಪಟನೆ ರೆಕ್ಕೆ ಬಡಿಯಿತು. ಗಾಳಿ ಬಂತು. ನನ್ನ ಹೆಬ್ಬೆರಳು ತುಸು ಮಿಸುಕಿತು. ಶಾಂತಾ "ಅಯ್ಯ ನಮ್ಮಪ್ಪ" ಎಂದು ಅತ್ತೇಬಿಟ್ಟಳು. ಕಾಕಾನ ಹಿಡಿತ ಸಡಿಲಾಗಿ, ಹಕ್ಕಿ ಹಾರಿ, ನನ್ನ ಹೊಸ ಪ್ಲಾಸ್ಟರಿನ ಮೇಲೆ ಗುರುತು ಬಿಟ್ಟು, ಕಿಟಕಿಯಿಂದ ತನ್ನ ಮಾಳಿಗೆಯತ್ತ ಹೋಯಿತು. ಗದ್ದಲಕ್ಕೆ ಓಡಿ ಬಂದ ಡಾಕ್ಟರಮ್ಮ ನನ್ನ ಬೆರಳು ನೋಡಿ, "ನಾನು ಹೇಳಿರಲಿಲ್ಲವೇ?" ಎಂದರು. ಕಾಕಾನೂ ಅದೇ ಕ್ಷಣದಲ್ಲಿ ಅದನ್ನೇ ಹೇಳಿದ. ರಾತ್ರಿಯೊಳಗೆ ಕಣ್ಣು, ದನಿ, ಕೈ ಎಲ್ಲ ಹತ್ತಿಕೊಂಡವು.

ಈಗಲೂ ಯಾರ ಮನೆಯಲ್ಲಾದರೂ ಲಕ್ವ ಎಂದರೆ ನಮ್ಮ ಕಡೆಯವರು ನನ್ನನ್ನು ಹುಡುಕಿಕೊಂಡು ಚಾಳಿಗೆ ಬರುತ್ತಾರೆ. ನನಗೆ ಆಗಿದ್ದು ಲಕ್ವವೇ ಅಲ್ಲ ಎಂದು ನರ, ಸೂಜಿ, ಮೇನ್ ಸ್ವಿಚ್ ಎಲ್ಲವನ್ನೂ ಕಾಗದದ ಮೇಲೆ ನೇರ ಗೆರೆ ಎಳೆದು ತಿಳಿಸುತ್ತೇನೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲಾ ಖರೇರಿ ಸಾಹೇಬ್ರ. ಪಾರಿವಾಳ ಬಿಳೀದಿತ್ತೋ, ಬೂದೀದೋ?" ಎನ್ನುತ್ತಾರೆ. ಮೊದಲು ದವಾಖಾನೆಗೆ ಒಯ್ಯಿರಿ ಎಂದು ಗದರಿಸಿ ಕಳಿಸುತ್ತೇನೆ. ಅವರು ಜಿನೆಯ ಮೆಟ್ಟಿಲಿಳಿದು ಅಂಗಳ ದಾಟುವಷ್ಟರಲ್ಲಿ, ವರಾಂಡದ ಕಟಕಟೆಯ ಮೇಲೆ ಬಾಗಿ, "ಬೂದೀದು, ಕುತ್ತಿಗಿ ಹತ್ರ ಹಸಿರಿತ್ತು" ಎಂದು ಕೂಗಿ ಹೇಳಿರುತ್ತೇನೆ.