ನೇರಳೆ ಕ್ಯಾಪ್ಸೂಲಿನ ಸನ್ನಿಧಿಗೆ ಒಬ್ಬ ದರ್ಜಿಯ ಅಹವಾಲು

ಬೆರ್ರಿ ಹಣ್ಣಿನ ಸಾರವನ್ನು ಒಡಲಲ್ಲಿ ತುಂಬಿಕೊಂಡು, ದಿನಕ್ಕೆರಡರಂತೆ ನನ್ನ ಗಂಟಲಿಳಿದು ನನ್ನನ್ನು ಕೃತಾರ್ಥನನ್ನಾಗಿಸಿದ ಮಾನ್ಯ ನೇರಳೆ ಕ್ಯಾಪ್ಸೂಲ್ ಅವರೇ,

ಹೊಲಿಗೆಯಂಗಡಿಯವನ ನಮಸ್ಕಾರಗಳು. ಸೀಸೆಯೊಳಗೆ ಹತ್ತಿಯುಂಡೆಯ ಕೆಳಗೆ ತಾವೂ ತಮ್ಮ ಬಂಧುಬಳಗವೂ ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನನ್ನ ಕ್ಷೇಮದ ಬಗ್ಗೆ ರಕ್ತಪರೀಕ್ಷೆಯ ವರದಿಗೆ ಬೇರೆಯೇ ಅಭಿಪ್ರಾಯವಿರುವುದರಿಂದ ಈ ಪತ್ರ.

ಮೂರು ತಿಂಗಳ ಹಿಂದೆ ಡಾಕ್ಟರಮ್ಮನವರು ನನ್ನ ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬು, ಸೊಂಟದ ಸುತ್ತಳತೆ ಎಲ್ಲವೂ ಒಟ್ಟೊಟ್ಟಿಗೆ ಗೆರೆ ದಾಟಿವೆಯೆಂದೂ, ಈ ಒಕ್ಕೂಟಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರಿದೆಯೆಂದೂ ತಿಳಿಸಿ, "ಸಕ್ಕರೆ ಹೀಗೇ ಇದ್ರೆ ಕಣ್ಣಿಗೆ ಬರುತ್ತೆ, ಸೂಜಿಗೆ ದಾರ ಪೋಣಿಸಿ ಬದುಕೋರು ನೀವು, ಹುಷಾರು" ಎಂದು ಮಾತ್ರೆ ಬರೆದುಕೊಟ್ಟು, ದಿನಕ್ಕೊಂದು ಗಂಟೆ ನಡೆಯಲು ಹೇಳಿದರು. ಅಂದೇ ಸಂಜೆ ನನ್ನ ಷಡ್ಡಕ ತಮ್ಮನ್ನು ಕರೆತಂದು, "ಇದು ಬರೀ ಹಣ್ಣು ಅಣ್ಣ, ರಕ್ತಾನ ತೊಳೆದು ಇಸ್ತ್ರಿ ಮಾಡಿ ಇಡುತ್ತೆ" ಎಂದ. ಇಸ್ತ್ರಿಯ ಮಾತು ಬಂದ ಮೇಲೆ ನನ್ನಂಥವನು ಕರಗದಿರುವುದುಂಟೇ? ಮಾತ್ರೆಗಳನ್ನು ಗುಂಡಿಗಳ ಡ್ರಾಯರಿಗೆ ತಳ್ಳಿ, ನಡಿಗೆಗೆ ದೀರ್ಘ ರಜೆ ಮಂಜೂರು ಮಾಡಿ, ನನ್ನ ರಕ್ತವನ್ನು ತಮ್ಮ ವಶಕ್ಕೊಪ್ಪಿಸಿದೆ.

ಆಮೇಲೆ ತಾವು ತೋರಿದ ಮಹಿಮೆಯನ್ನು ಏನೆಂದು ಬಣ್ಣಿಸಲಿ. ಶನಿವಾರ ಹೊಟ್ಟೆ ಹಿಡಿಯುತ್ತಿದ್ದ ಪ್ಯಾಂಟು ಸೋಮವಾರ ಸಡಿಲವಾಗಿರುತ್ತಿತ್ತು. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಾಡುವ ನಾನು ಅದನ್ನು ಒಮ್ಮೆಯೂ ನನ್ನ ಸೊಂಟಕ್ಕೆ ಸುತ್ತಲಿಲ್ಲ. ತಮ್ಮ ಮೇಲೆ ಅಷ್ಟು ನಂಬಿಕೆ. ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ತಮ್ಮ ಗುಣಗಾನ ಮಾಡಿದೆ, ಸಡಿಲವಾದ ಜಾಗ ಖಾಲಿ ಬಿಡಬಾರದೆಂದು ಎರಡನೇ ಸಲವೂ ಊಟಕ್ಕೆ ತಟ್ಟೆ ಒಡ್ಡಿದೆ.

ಮೊನ್ನೆ ವರದಿ ಬಂತು. ಸಕ್ಕರೆಯೂ ರಕ್ತದ ಕೊಬ್ಬೂ ಮೇಲಕ್ಕೇ ಹೋಗಿದ್ದವು. ರಕ್ತದ ಸೀಸೆ ಅದಲುಬದಲಾಗಿದೆ ಎಂದು ಜಗಳಕ್ಕೆ ಹೊರಟವನನ್ನು ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು. ನಮ್ಮ ಅಂಗಡಿಯ ಎಡಗೋಡೆಯ ಮೊಳೆಗೆ ನೇತುಹಾಕಿದ ಬಟ್ಟೆಯನ್ನು ಅವಳು ಸೊಂಟ ಬಿಚ್ಚಿ ಅರ್ಧ ಇಂಚು ದೊಡ್ಡದು ಮಾಡಬೇಕೆಂಬುದು ಇಪ್ಪತ್ತು ವರ್ಷಗಳ ಕ್ರಮ; ಒಗೆಯಲಿಕ್ಕೆಂದು ನಾನು ಶನಿವಾರ ಶನಿವಾರ ಪ್ಯಾಂಟು ಕಳಚಿ ಹಾಕುತ್ತಿದ್ದುದು ಅದೇ ಮೊಳೆಗೆ. "ಒಂದ್ಮಾತು ಕೇಳಬಾರದಿತ್ತೇನೇ" ಎಂದರೆ, "ಗಿರಾಕಿಗಳ ಹೊಟ್ಟೆ ವಿಷ್ಯ ಬಾಯಿಬಿಟ್ಟು ಕೇಳಬಾರ್ದು ಅಂತ ಕಲಿಸಿದ್ದು ಯಾರ್ರೀ?" ಎಂದಳು.

ಹಣ್ಣಿನ ಸಾರದ ಬಗ್ಗೆ ಅಧ್ಯಯನಗಳು ನಡೆಯುತ್ತಿವೆ, ಅಲ್ಪಸ್ವಲ್ಪ ಉಪಕಾರ ಇದ್ದರೂ ಇರಬಹುದು, ಆದರೆ ಮಾತ್ರೆಯ ಕುರ್ಚಿಯಲ್ಲಿ ಅದನ್ನು ಕೂರಿಸಬೇಡಿ ಎಂದು ಡಾಕ್ಟರಮ್ಮನವರು ಹೇಳಿದ್ದಾರೆ. ಹಾಗಾಗಿ ತಮ್ಮಲ್ಲಿ ಸಣ್ಣ ಕೋರಿಕೆಗಳು: ದಯವಿಟ್ಟು ತಾವೇ ಸೀಸೆಯಿಂದಿಳಿದು ನನ್ನ ಪರವಾಗಿ ದಿನಕ್ಕೊಂದು ಗಂಟೆ ನಡೆಯಬೇಕು, ಸಾಧ್ಯವಾಗದಿದ್ದರೆ ಮುಂದಿನ ಬಾರಿ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಬದಲು ಕೂತು ಬೈಸಿಕೊಳ್ಳಬೇಕು, ಅದೂ ಆಗದಿದ್ದರೆ ನನ್ನ ಷಡ್ಡಕನ ರಕ್ತವನ್ನಾದರೂ ಇಸ್ತ್ರಿ ಮಾಡಬೇಕು.

ಕಣ್ಣಿಗೆ ದೀಪ ಹಿಡಿದು ನೋಡಿದ ಡಾಕ್ಟರಮ್ಮನವರು, ಇನ್ನೂ ಏನೂ ಆಗಿಲ್ಲ, ಮತ್ತೆ ಮೂರು ತಿಂಗಳು ನೋಡೋಣ ಎಂದಿದ್ದಾರೆ. ಡ್ರಾಯರಿನ ಮಾತ್ರೆಗಳು ಊಟದ ಮೇಜಿಗೆ ಮರಳಿವೆ. ನನ್ನ ಹೆಂಡತಿಯಂತೂ ನನ್ನ ಪ್ಯಾಂಟುಗಳನ್ನೆಲ್ಲ ಹಳೆಯ ಅಳತೆಗೇ ಹೊಲಿದು, ಒಳಗಿದ್ದ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಬಿಸಾಡಿದ್ದಾಳೆ. ಇನ್ನು ಬಿಚ್ಚಿ ದೊಡ್ಡದು ಮಾಡಲು ಏನೂ ಉಳಿದಿಲ್ಲ; ಕರಗಬೇಕಾದವನು ನಾನೊಬ್ಬನೇ.

ಏದುಸಿರು ಬಿಡುತ್ತ ನಡಿಗೆಗೆ ಹೊರಟಿರುವ, ತಮ್ಮ ಒಂದಾನೊಂದು ಕಾಲದ ವಿಶ್ವಾಸಿ,
ಹೊಲಿಗೆಯಂಗಡಿಯವನು

ತಾ.ಕ.: ಸೀಸೆಯ ಹಿಂಬದಿಯಲ್ಲಿ "ಇದು ಯಾವುದೇ ಕಾಯಿಲೆಯನ್ನು ಗುಣಪಡಿಸಲು ಅಲ್ಲ" ಎಂದು ಬರೆದಿರುವುದನ್ನು ನನ್ನ ಹೆಂಡತಿ ಭೂತಗನ್ನಡಿ ಹಿಡಿದು ಓದಿ ಹೇಳಿದಳು. ಸತ್ಯವನ್ನು ಅಷ್ಟು ಸಣ್ಣದಾಗಿ ಕೂರಿಸಿದ ಆ ಕುಶಲಕರ್ಮಿ ಕೆಲಸ ಬಿಟ್ಟರೆ ದಯವಿಟ್ಟು ನಮ್ಮಲ್ಲಿಗೆ ಕಳಿಸಿ. ಕಾಜಾ ಹೊಲಿಯಲು ಅಂಥ ಕೈಯನ್ನೇ ಹುಡುಕುತ್ತಿದ್ದೇವೆ.